ಲಾಂಛನಗಳು: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ

ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲೂಕುಗಳಲ್ಲಿ ಊರನ್ನು ಗುರುತಿಸುವ ಚಿಹ್ನೆಗಳು ಬಹುಮಟ್ಟಿಗೆ ಬಸದಿ, ದೇವಸ್ಥಾನ, ಅರಮನೆ, ಕೋಟೆ ಮತ್ತು ಕಂಬಳದ ಕರೆಗಳಿಂದ, ಅಂದರೆ ಕೋಣಗಳ ಓಟದ ಗದ್ದೆಗಳಿಂದ, ಬಂದವು. ಬಂಟ್ವಾಳಕ್ಕೂ ಮೂಡುಬಿದಿರೆಗೂ ಪುರಸಭೆಯಿದೆ, ಬೆಳ್ತಂಗಡಿಗೆ ಪಟ್ಟಣ ಪಂಚಾಯಿತಿಯಿದೆ. ಸರ್ಕಾರಿ ಕಾಗದದ ತಲೆಯ ಮೇಲೆ ಕಾಣುವುದು ರಾಜ್ಯದ ಲಾಂಛನ: ನಡುವೆ ಗಂಡಭೇರುಂಡ, ಎರಡು ಬದಿಗೆ ಆನೆಯ ಮುಖ ಸಿಂಹದ ಮೈಯ ಗಜಕೇಸರಿ, ಮೇಲೆ ಅಶೋಕ ಸ್ತಂಭದ ಸಿಂಹಗಳು. ಈ ಎರಡು ತಲೆಯ ಹಕ್ಕಿ ಮೈಸೂರು ಒಡೆಯರ ಮನೆತನದ್ದು. ತುಳುನಾಡು ಮದರಾಸು ಆಡಳಿತದಲ್ಲಿದ್ದುದರಿಂದ ಅದು ಇಲ್ಲಿಯ ಕಚೇರಿಗಳಿಗೆ ಬಂದದ್ದು 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯ ನಂತರ. ಜನರ ಮನಸ್ಸಿನಲ್ಲಿ ನಿಂತ ಗುರುತುಗಳು ಅದಕ್ಕಿಂತ ಬಹಳ ಹಳೆಯವು.

ಊರಿನ ಚಿಹ್ನೆ ಹುಟ್ಟುವ ದಾರಿಗಳು ಹಲವು. ಒಂದೇ ಒಂದು ರಾತ್ರಿಯ ಘಟನೆಯೂ ಊರಿಗೆ ಗುರುತು ಕೊಡಬಲ್ಲದು ಎಂಬುದಕ್ಕೆ ಫ್ರಾನ್ಸಿನ ನಾರ್ಮಂಡಿಯ ಸೇಂಟ್ ಮೇರ್ ಎಗ್ಲೀಸ್ ಒಳ್ಳೆಯ ನಿದರ್ಶನ. 1944ರ ಜೂನ್ 6ರ ನಸುಕಿನಲ್ಲಿ ಅಮೆರಿಕದ ಪ್ಯಾರಾಚೂಟ್ ಸೈನಿಕರು ಆ ಊರಿನ ಮೇಲೆ ಇಳಿದರು. ಜಾನ್ ಸ್ಟೀಲ್ ಎಂಬ ಸೈನಿಕನ ಪ್ಯಾರಾಚೂಟ್ ಚರ್ಚಿನ ಗೋಪುರಕ್ಕೆ ಸಿಕ್ಕಿಕೊಂಡಿತು; ಕೆಳಗೆ ಕಾದಾಟ ನಡೆಯುತ್ತಿರುವಾಗ ಆತ ಸತ್ತವನಂತೆ ನೇತಾಡಿಕೊಂಡಿದ್ದ. ಇಂದಿಗೂ ಆ ಗೋಪುರದಲ್ಲಿ ಪ್ಯಾರಾಚೂಟ್ ಸಮೇತ ಒಂದು ಬೊಂಬೆ ತೂಗುತ್ತದೆ. ಚರ್ಚಿನ ಬಣ್ಣದ ಗಾಜಿನ ಕಿಟಕಿಯಲ್ಲಿ ಮಾತೆ ಮೇರಿಯ ಸುತ್ತ ಪ್ಯಾರಾಚೂಟಿನವರು ಇಳಿಯುತ್ತಿರುವ ಚಿತ್ರವಿದೆ. ಅಲ್ಲಿ ಅದು ಅಲಂಕಾರವಲ್ಲ, ಊರು ಕಣ್ಣಾರೆ ಕಂಡದ್ದು.

ಭಾರತದಲ್ಲಿ ಪ್ಯಾರಾಚೂಟ್ ಚಿಹ್ನೆ ಊರಿಗಿಂತ ಹೆಚ್ಚಾಗಿ ಸೈನ್ಯಕ್ಕೆ ಸೇರಿದ್ದು. 50ನೇ ಪ್ಯಾರಾಚೂಟ್ ಬ್ರಿಗೇಡ್ 1941ರಲ್ಲಿ ದೆಹಲಿಯಲ್ಲಿ ರೂಪುಗೊಂಡಿತು. ಮೊದಲು ಧುಮುಕಿದ ಭಾರತೀಯರಲ್ಲಿ ವೈದ್ಯಾಧಿಕಾರಿ ಎ.ಜಿ. ರಂಗರಾಜ್ ಒಬ್ಬರು, ಮುಂದೆ ಕೊರಿಯಾ ಯುದ್ಧದಲ್ಲಿ 60ನೇ ಪ್ಯಾರಾಚೂಟ್ ಫೀಲ್ಡ್ ಆ್ಯಂಬುಲೆನ್ಸ್ ನಡೆಸಿ ಮಹಾವೀರ ಚಕ್ರ ಪಡೆದವರೂ ಅವರೇ. ಬಿಚ್ಚಿದ ಪ್ಯಾರಾಚೂಟ್, ಅದರ ಹಿಂದಿನಿಂದ ಚಾಚಿದ ರೆಕ್ಕೆಗಳು, ನೆಟ್ಟಗೆ ನಿಂತ ಕಠಾರಿ ಇವು ಪ್ಯಾರಾಚೂಟ್ ರೆಜಿಮೆಂಟಿನ ಬಿಲ್ಲೆಯಲ್ಲಿವೆ. ಈ ರೆಜಿಮೆಂಟಿನ ತರಬೇತಿ ಕೇಂದ್ರ 1992ರಿಂದ ಬೆಂಗಳೂರಿನಲ್ಲಿದೆ. ಆಕಾಶಜಿಗಿತವನ್ನು ಕ್ರೀಡೆಯಾಗಿ ಕರ್ನಾಟಕ ಕಂಡದ್ದು ಹೆಚ್ಚಾಗಿ ಮೈಸೂರಿನಲ್ಲಿ. ದಸರೆಯ ವಿಮಾನ ಪ್ರದರ್ಶನದಲ್ಲಿ ವಾಯುಪಡೆಯ ಆಕಾಶಗಂಗಾ ತಂಡದವರು ಇಳಿದಿದ್ದಾರೆ. ನಮ್ಮ ಮೂರು ತಾಲೂಕುಗಳ ಕಥೆ ಇದಲ್ಲ. ಇಲ್ಲಿಯ ಚಿಹ್ನೆಗಳನ್ನು ಅವುಗಳದ್ದೇ ಬೇರಿನಿಂದ ನೋಡಬೇಕು.

ಕರಾವಳಿಯ ಅತ್ಯಂತ ಹಳೆಯ ರಾಜಲಾಂಛನ ಆಳುಪರ ಜೋಡಿ ಮೀನು. ಕಾರ್ಕಳ ತಾಲೂಕಿನ ಬೆಳ್ಮಣ್ಣಿನಲ್ಲಿ ದೊರೆತ ಎಂಟನೆಯ ಶತಮಾನದ ತಾಮ್ರಶಾಸನದ ಮುದ್ರೆಯಲ್ಲಿ ಈ ಮೀನುಗಳಿವೆ. ಪೂರ್ಣ ಕನ್ನಡದಲ್ಲಿರುವ ತಾಮ್ರಶಾಸನಗಳಲ್ಲಿ ಅದು ತೀರ ಹಳೆಯದು. ಆಳುಪರ ನಾಣ್ಯಗಳಲ್ಲೂ ಮೀನೇ. ಕಡಲು ಮತ್ತು ಹೊಳೆಯ ನಾಡಿಗೆ ಅದಕ್ಕಿಂತ ಒಪ್ಪುವ ಗುರುತು ಬೇಕಿರಲಿಲ್ಲ. ಆಳುಪರ ನಂತರ ನಾಡು ಚೌಟ, ಬಂಗ, ಅಜಿಲ ಮೊದಲಾದ ಜೈನ ಅರಸು ಮನೆತನಗಳಲ್ಲಿ ಹಂಚಿಹೋಯಿತು. ಜೈನರಲ್ಲಿ ಲಾಂಛನ ಎನ್ನುವುದು ರಾಜನಿಗಿಂತ ಮೊದಲು ಜಿನನಿಗೆ ಸಲ್ಲುವಂಥದ್ದು. ಪ್ರತಿ ತೀರ್ಥಂಕರನಿಗೂ ಗೊತ್ತಾದ ಒಂದು ಗುರುತು: ಆದಿನಾಥನಿಗೆ ಎತ್ತು, ಶಾಂತಿನಾಥನಿಗೆ ಜಿಂಕೆ, ಪಾರ್ಶ್ವನಾಥನಿಗೆ ಹಾವು, ಚಂದ್ರನಾಥನಿಗೆ ಅರ್ಧಚಂದ್ರ. ಬಿಂಬಗಳ ಮುಖ, ನಿಲುವು ಒಂದೇ ಬಗೆಯಾಗಿರುವುದರಿಂದ ಪೀಠದ ಮೇಲಿನ ಈ ಪುಟ್ಟ ಕೆತ್ತನೆಯೇ ಯಾರ ಬಸದಿ ಎಂಬುದನ್ನು ತಿಳಿಸುತ್ತದೆ. ಬಾಹುಬಲಿ ತೀರ್ಥಂಕರನಲ್ಲ, ಆದ್ದರಿಂದ ಅವನಿಗೆ ಲಾಂಛನವಿಲ್ಲ. ತೊಡೆ ತೋಳುಗಳನ್ನು ಸುತ್ತಿದ ಬಳ್ಳಿ, ಕಾಲಬಳಿಯ ಹುತ್ತ ಇವೇ ಅವನನ್ನು ಗುರುತಿಸುವ ಬಗೆ.

ಮೂಡುಬಿದಿರೆ ಇಂಥ ಗುರುತುಗಳು ಒತ್ತಾಗಿ ಸೇರಿದ ಊರು. ಹದಿನೆಂಟು ಬಸದಿಗಳ ಈ ಪೇಟೆಯನ್ನು ಜೈನಕಾಶಿ ಎಂದು ಕರೆಯುತ್ತಾರೆ. ಧವಲ, ಜಯಧವಲ, ಮಹಾಧವಲ ಎಂಬ ಸಿದ್ಧಾಂತ ಗ್ರಂಥಗಳ ತಾಳೆಗರಿಗಳನ್ನು ನೂರಾರು ವರ್ಷ ಕಾಪಾಡಿಕೊಂಡು ಬಂದ ಗುರುಬಸದಿ ಇಲ್ಲಿಯದು. ಭರತೇಶ ವೈಭವದ ರತ್ನಾಕರವರ್ಣಿಯೂ ಇಲ್ಲಿಯವನು. ಆದರೆ ಬಸ್ಸಿನ ಹಿಂಬದಿಯಿಂದ ಹಿಡಿದು ಪ್ರವಾಸೋದ್ಯಮದ ಕೈಪಿಡಿಯ ತನಕ ಊರಿನ ಚಿತ್ರವೆಂದು ಅಚ್ಚಾಗುವುದು ಸಾವಿರ ಕಂಬದ ಬಸದಿ. ತ್ರಿಭುವನ ತಿಲಕ ಚೂಡಾಮಣಿ ಎಂಬುದು ಅದರ ಪೂರ್ಣ ಹೆಸರು. ಕಟ್ಟಡ 1430ರಲ್ಲಿ ವಿಜಯನಗರದ ಆಡಳಿತದ ಕಾಲದಲ್ಲಿ ಶುರುವಾಗಿ ಮುಂದಿನ ದಶಕಗಳಲ್ಲಿ ಮಂಟಪ ಮಂಟಪವಾಗಿ ಬೆಳೆಯಿತು. ಒಳಗಿರುವುದು ಚಂದ್ರನಾಥ ಸ್ವಾಮಿಯ ಪಂಚಲೋಹದ ಬಿಂಬ. ಮಳೆ ಸುರಿಯುವ ನಾಡಿಗೆ ತಕ್ಕಂತೆ ಇಳಿಜಾರು ಮಾಡು, ಕೆಳಗೆ ಕಲ್ಲಿನ ಜಗಲಿ, ಮೇಲಿನ ಅಂತಸ್ತಿನಲ್ಲಿ ಮರ. ಕಂಬಗಳಲ್ಲಿ ಒಂದರಂತೆ ಇನ್ನೊಂದಿಲ್ಲ ಎಂಬ ಮಾತು ಹಳೆಯದು, ಹತ್ತಿರ ಹೋಗಿ ನೋಡಿದವರಿಗೆ ಅದು ಉತ್ಪ್ರೇಕ್ಷೆ ಎನಿಸುವುದಿಲ್ಲ. ಭೈರಾದೇವಿ ಮಂಟಪದ ಅಧಿಷ್ಠಾನದ ಪಟ್ಟಿಕೆಯಲ್ಲಿ ಜಿರಾಫೆಯೂ ಚೀನೀ ಡ್ರ್ಯಾಗನ್ನೂ ಕೆತ್ತಲ್ಪಟ್ಟಿವೆ. ಕರಾವಳಿಯ ಬಂದರುಗಳು ಅರಬ್ಬೀ ಕಡಲಿನ ಆಚೆಯ ದಡಗಳೊಂದಿಗೆ ಮಾಡಿದ ವ್ಯಾಪಾರ ಒಳನಾಡಿನ ಶಿಲ್ಪಿಯ ಉಳಿಯ ತನಕ ತಲುಪಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗದು. ಊರಿನ ಗುರುತೆಂದರೆ ಊರಿನದ್ದೇ ವಸ್ತು ಮಾತ್ರ ಆಗಿರಬೇಕೆಂದು ವಾದಿಸುವವರು ಈ ಜಿರಾಫೆಯನ್ನು ಒಮ್ಮೆ ನೋಡಬೇಕು.

ಚೌಟರ ಅರಮನೆ ಇದಕ್ಕೆ ಜೊತೆಗೂಡುತ್ತದೆ. ಉಳ್ಳಾಲದಲ್ಲಿ ಪೋರ್ಚುಗೀಸರನ್ನು ಎದುರಿಸಿದ ರಾಣಿ ಅಬ್ಬಕ್ಕ ಈ ಮನೆತನದವಳು. ಅರಮನೆಯ ಮರದ ಕಂಬಗಳಲ್ಲಿ ನವನಾರಿ ಕುಂಜರ ಮತ್ತು ಪಂಚನಾರಿ ತುರಗದ ಕೆತ್ತನೆಗಳಿವೆ. ಒಂಬತ್ತು ಹೆಂಗಸರು ಬಾಗಿ, ಮಣಿದು, ಒಬ್ಬರಿಗೊಬ್ಬರು ಆಧಾರವಾಗಿ ಒಂದು ಆನೆಯಾಗುತ್ತಾರೆ. ಐವರು ಒಂದು ಕುದುರೆಯಾಗುತ್ತಾರೆ. ದೂರದಿಂದ ಪ್ರಾಣಿ, ಸಮೀಪದಿಂದ ಮನುಷ್ಯರು. ಇದು ತುಳುನಾಡಿಗಷ್ಟೇ ಸೇರಿದ ಕಲ್ಪನೆಯಲ್ಲ, ಭಾರತದ ಬೇರೆ ಕಡೆಗಳಲ್ಲೂ ಇಂಥ ಚಿತ್ರಗಳಿವೆ. ಆದರೂ ಊರಿನ ಲಾಂಛನವಾಗಬಲ್ಲ ಚಿತ್ರಗಳಲ್ಲಿ ಇದಕ್ಕೆ ಸಮನಾದದ್ದು ಈ ಮೂರು ತಾಲೂಕುಗಳಲ್ಲಿ ಇನ್ನೊಂದಿಲ್ಲ ಎಂಬುದು ಈ ಲೇಖಕನ ಅಭಿಪ್ರಾಯ. ಮೂಡುಬಿದಿರೆಯ ಇತ್ತೀಚಿನ ಗುರುತು ವಿದ್ಯಾಸಂಸ್ಥೆಗಳದ್ದು. 2004ರಲ್ಲಿ ಆರಂಭವಾದ ಆಳ್ವಾಸ್ ನುಡಿಸಿರಿ ಊರಿನ ಹೆಸರನ್ನು ಕನ್ನಡದ ಎಲ್ಲ ಮೂಲೆಗಳಿಗೂ ಒಯ್ದಿತು.

ಬೆಳ್ತಂಗಡಿಯ ಗುರುತು ದೂರದಿಂದಲೇ ಕಾಣುತ್ತದೆ. ಸುಮಾರು 1,700 ಅಡಿ ಎತ್ತರದಲ್ಲಿ ಒಂದೇ ಬಂಡೆಯಾಗಿ ಎದ್ದ ಗಡಾಯಿಕಲ್ಲನ್ನು ನರಸಿಂಹಗಡ ಎಂದೂ ಜಮಲಾಬಾದ್ ಎಂದೂ ಕರೆಯುತ್ತಾರೆ. 1794ರಲ್ಲಿ ಟಿಪ್ಪು ಸುಲ್ತಾನ್ ಅಲ್ಲಿ ಕೋಟೆ ಕಟ್ಟಿಸಿ ತಾಯಿಯ ಹೆಸರಿಟ್ಟನೆಂಬ ಮಾತಿದೆ. 1799ರಲ್ಲಿ ಅದು ಬ್ರಿಟಿಷರ ಕೈಸೇರಿತು. ಬಂಡೆಯಲ್ಲೇ ಕಡಿದ ಮೆಟ್ಟಿಲುಗಳ ಕಿರುದಾರಿಯೊಂದೇ ಮೇಲೇರಲು ಇರುವುದರಿಂದ ಕೆಲವೇ ಜನ ದೊಡ್ಡ ಸೈನ್ಯವನ್ನು ತಡೆಯಬಹುದಿತ್ತು. ಈಗ ಅದು ಕುದುರೆಮುಖ ರಾಷ್ಟ್ರೀಯ ಉದ್ಯಾನದ ವ್ಯಾಪ್ತಿಯ ಚಾರಣತಾಣ. ಮೂರು ಹೆಸರುಗಳನ್ನೂ ಜನ ಇಟ್ಟುಕೊಂಡಿದ್ದಾರೆ, ಒಂದಕ್ಕಾಗಿ ಇನ್ನೊಂದನ್ನು ಬಿಟ್ಟಿಲ್ಲ.

ಅದೇ ತಾಲೂಕಿನ ವೇಣೂರಿನಲ್ಲಿ 1604ರಲ್ಲಿ ತಿಮ್ಮಣ್ಣ ಅಜಿಲ ನಿಲ್ಲಿಸಿದ 35 ಅಡಿಯ ಗೊಮ್ಮಟನಿದ್ದಾನೆ. ಕಾರ್ಕಳದ ಭೈರರಸ ಇದನ್ನು ಸಹಿಸದೆ ಮೂರ್ತಿಯನ್ನು ತನ್ನೂರಿಗೆ ಕಳಿಸೆಂದ, ಅಜಿಲ ಒಪ್ಪಲಿಲ್ಲ, ಜಗಳವಾಯಿತು ಎಂಬ ಐತಿಹ್ಯ ಊರಿನಲ್ಲಿ ಉಳಿದಿದೆ. ಊರಿನ ಗುರುತು ಎಂಬುದು ನೆರೆಯ ಅರಸನೊಂದಿಗೆ ಕಾದಾಟಕ್ಕೆ ನಿಲ್ಲುವಷ್ಟು ಬೆಲೆಬಾಳುತ್ತಿತ್ತು. ಹನ್ನೆರಡು ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕ: 2000, 2012, ಕೊನೆಯದಾಗಿ 2024. ಧರ್ಮಸ್ಥಳದ 39 ಅಡಿಯ ಬಾಹುಬಲಿ ನಮ್ಮ ಕಾಲದ್ದು. ರೆಂಜಾಳ ಗೋಪಾಲ ಶೆಣೈಯವರು ಕಾರ್ಕಳದಲ್ಲಿ ಕಡೆದ ಈ ಮೂರ್ತಿಯನ್ನು ರಸ್ತೆಯಲ್ಲಿ ಸಾಗಿಸಿ ತಂದು ರತ್ನಗಿರಿಯ ಮೇಲೆ ನಿಲ್ಲಿಸಲಾಯಿತು, 1982ರಲ್ಲಿ ಪ್ರತಿಷ್ಠೆಯಾಯಿತು. ಶೈವ ದೇವರು, ವೈಷ್ಣವ ಅರ್ಚಕರು, ಜೈನ ಹೆಗ್ಗಡೆ ಎಂಬ ಏರ್ಪಾಡೇ ಧರ್ಮಸ್ಥಳವನ್ನು ಹೊರಗಿನವರಿಗೆ ಗುರುತಿಸಿಕೊಡುವ ಮಾತಾಗಿದೆ.

ಬಂಟ್ವಾಳಕ್ಕೆ ಇಂಥ ಒಂದು ಶಿಲೆಯಾಗಲಿ ಕಟ್ಟಡವಾಗಲಿ ಇಲ್ಲ. ಅದರ ಗುರುತು ನೇತ್ರಾವತಿ. ಘಟ್ಟದ ಸರಕು ಎತ್ತುಗಳ ಮೇಲೆ ಇಲ್ಲಿಗೆ ಬಂದು ದೋಣಿಯಲ್ಲಿ ಮಂಗಳೂರಿಗೆ ಇಳಿಯುತ್ತಿದ್ದ ಕಾಲದಲ್ಲಿ ಬಂಟ್ವಾಳ ಪೇಟೆ ಬೆಳೆಯಿತು. 1923ರ ನೆರೆ ಆ ಪೇಟೆಯನ್ನು ಹಾಳುಮಾಡಿತು, 1974ರಲ್ಲಿ ಮತ್ತೆ ದೊಡ್ಡ ನೆರೆ ಬಂತು. ಆಮೇಲೆ ವ್ಯಾಪಾರ ಹೆದ್ದಾರಿಯ ಮೇಲಿನ ಬಿ.ಸಿ. ರೋಡಿಗೆ ಸರಿಯಿತು. ಇಂದಿಗೂ ಮಳೆ ಜೋರಾದರೆ ಹಿರಿಯರು ನೀರಿನ ಮಟ್ಟವನ್ನು ಆ ವರ್ಷಗಳಿಗೆ ಹೋಲಿಸಿ ಮಾತಾಡುತ್ತಾರೆ. ತಾಲೂಕಿನ ಉಳಿದ ಗುರುತುಗಳು ಹರಡಿಕೊಂಡಿವೆ: ಪೊಳಲಿಯ ರಾಜರಾಜೇಶ್ವರಿಯ ಮಣ್ಣಿನ ಮೂರ್ತಿ ಮತ್ತು ಜಾತ್ರೆಯ ಚೆಂಡು, ಕಾರಿಂಜದ ಬೆಟ್ಟ, ಕಲ್ಲಡ್ಕದ ಗೊಂಬೆ, ಅಲ್ಲಿಯದೇ ಪದರ ಪದರದ ಕೆ.ಟಿ. ಚಹಾ. ಪಂಜೆ ಮಂಗೇಶರಾಯರು 1874ರಲ್ಲಿ ಹುಟ್ಟಿದ್ದು ಬಂಟ್ವಾಳದಲ್ಲಿ. ಬಿ.ಸಿ. ರೋಡಿನ ಸಂಚಯಗಿರಿಯಲ್ಲಿರುವ ತುಳು ಬದುಕು ವಸ್ತುಸಂಗ್ರಹಾಲಯ ನೇಗಿಲು, ಸೇರು, ಬುಟ್ಟಿ, ಪಾತ್ರೆಗಳನ್ನು ಅರಸರ ಕತ್ತಿಗಳಷ್ಟೇ ಗೌರವದಿಂದ ಇಟ್ಟುಕೊಂಡಿದೆ.

ಬಾವುಟ ಊರಿನ ಅಧಿಕೃತ ಚಿಹ್ನೆಯಾಗಿ ಏರಿಳಿದದ್ದು ಇಲ್ಲಿಯ ಚರಿತ್ರೆಯಲ್ಲಿ ಒಮ್ಮೆ ಸ್ಪಷ್ಟವಾಗಿ ಕಾಣುತ್ತದೆ. 1837ರ ಅಮರ ಸುಳ್ಯದ ದಂಗೆಯಲ್ಲಿ ರೈತರ ದಂಡು ಬಂಟ್ವಾಳದ ದಾರಿಯಾಗಿ ಮಂಗಳೂರಿಗೆ ನಡೆಯಿತು. ಬಂಟ್ವಾಳದ ಹತ್ತಿರದ ನಂದಾವರದ ಲಕ್ಷ್ಮಪ್ಪ ಬಂಗರಸ ಅವರ ಜೊತೆಗೂಡಿದ. ಏಪ್ರಿಲ್ 5ರಂದು ಮಂಗಳೂರಿನ ಗುಡ್ಡದ ಮೇಲಿದ್ದ ಕಂಪನಿಯ ಬಾವುಟ ಇಳಿಸಿ ತಮ್ಮದನ್ನು ಏರಿಸಿದರು. ಹದಿಮೂರು ದಿನ ಅದು ಹಾರಿತು. ಬಂಗರಸನಿಗೂ ದಂಗೆಯ ನಾಯಕರಲ್ಲೊಬ್ಬನಾದ ಕಲ್ಯಾಣಪ್ಪನಿಗೂ ಗಲ್ಲಾಯಿತು. ಆ ಬಾವುಟಗುಡ್ಡೆಯಲ್ಲಿ 2022ರಲ್ಲಿ ದಂಡಿನ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ನಿಂತಿತು. ದೇವಸ್ಥಾನಗಳಲ್ಲಂತೂ ಕೊಡಿ ಏರದೆ ಜಾತ್ರೆಯಿಲ್ಲ. ವಿಷ್ಣುವಿಗೆ ಗರುಡ, ಶಿವನಿಗೆ ನಂದಿ ಇರುವ ಧ್ವಜ ಮೇಲೇರಿದ ಮೇಲೆ ಇಳಿಯುವ ತನಕ ಊರಿನವರು ಬೇರೆಡೆ ಉಳಿಯದಿರುವ ಕಟ್ಟು ಕೆಲವು ಕಡೆ ಇಂದಿಗೂ ಇದೆ.

ಕಂಬಳಕ್ಕೆ ಬಂದರೆ ಚಿಹ್ನೆಗೂ ಜನಕ್ಕೂ ನಡುವಿನ ದೂರ ಇನ್ನಷ್ಟು ಕಡಿಮೆ. ಎರಡೆರಡು ಓಟದ ಗದ್ದೆಗಳಿರುವ ಜೋಡುಕರೆ ಕಂಬಳಗಳಿಗೆ ಜೋಡಿ ಹೆಸರಿರುತ್ತದೆ. ಮೂಡುಬಿದಿರೆಯದು ಕೋಟಿ-ಚೆನ್ನಯ, ಹೊಕ್ಕಾಡಿಗೋಳಿಯದು ವೀರ-ವಿಕ್ರಮ, ವೇಣೂರಿನದು ಸೂರ್ಯ-ಚಂದ್ರ. ಊರು ತನ್ನ ನೆಲಕ್ಕೆ ತಾನೇ ಇಟ್ಟುಕೊಂಡ ಹೆಸರುಗಳಿವು. ಕೋಣಗಳ ಯಜಮಾನರೂ ಓಡಿಸುವವರೂ ಕರೆಯನ್ನು ಆ ಹೆಸರಿನಿಂದಲೇ ಕರೆಯುತ್ತಾರೆ. ನೇಗಿಲು, ಹಗ್ಗ, ಅಡ್ಡಹಲಗೆಗಳಲ್ಲಿ ವೇಗಕ್ಕೆ ಬಹುಮಾನ. ಕನೆಹಲಗೆಯಲ್ಲಿ ಮಾತ್ರ ಎತ್ತರಕ್ಕೆ. ತೂತುಗಳಿರುವ ದಪ್ಪ ಮರದ ಹಲಗೆಯ ಮೇಲೆ ಓಡಿಸುವವನು ಒಂಟಿಕಾಲಿನ ಭಾರ ಹಾಕಿ ನಿಲ್ಲುತ್ತಾನೆ, ಕೋಣಗಳು ಎಳೆದೋಡುತ್ತವೆ, ಕೆಸರುನೀರು ತೂತುಗಳಿಂದ ಮೇಲಕ್ಕೆ ಚಿಮ್ಮುತ್ತದೆ. ಕರೆಗೆ ಅಡ್ಡಲಾಗಿ ಎತ್ತರದಲ್ಲಿ ಬಿಳಿ ಬಟ್ಟೆ ಕಟ್ಟಿರುತ್ತಾರೆ, ಅದೇ ನಿಶಾನೆ. ಆರೂವರೆ ಕೋಲು, ಏಳೂವರೆ ಕೋಲು ಎಂದು ಅದರ ಅಳತೆ. ಓಟ ಮುಗಿದ ಮೇಲೆ ಬಟ್ಟೆಯ ಮೇಲೆ ಕೆಸರಿನ ಕಲೆ ಎಷ್ಟು ಎತ್ತರಕ್ಕೆ ಬಿದ್ದಿದೆ ಎಂದು ಎಲ್ಲರೂ ಕತ್ತೆತ್ತಿ ನೋಡುತ್ತಾರೆ. ಧ್ವನಿವರ್ಧಕದಲ್ಲಿ ಇಂಥವರ ಕೋಣಗಳು ನಿಶಾನೆಗೆ ನೀರು ಹಾಯಿಸಿದವು ಎಂಬ ಘೋಷಣೆ ಬರುತ್ತದೆ. ಬಿಳಿ ಬಟ್ಟೆಯ ಮೇಲೆ ಊರಿನ ಮಣ್ಣೇ ಬರೆದ ಈ ಗುರುತಿಗೆ ಯಾವ ಮುದ್ರಿತ ಲಾಂಛನವೂ ಸಾಟಿಯಲ್ಲ.

ಮೂಡುಬಿದಿರೆ ಬಳಿಯ ಅಶ್ವತ್ಥಪುರದ ಶ್ರೀನಿವಾಸ ಗೌಡರು 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಮುಗಿಸಿದಾಗ ಜಗತ್ತು ಅವರನ್ನು ಉಸೇನ್ ಬೋಲ್ಟ್ ಜೊತೆ ತೂಗಿತು. ಕೋಣಗಳ ಎಳೆತವಿರುವ ಕೆಸರಿನ ಓಟವನ್ನು ಅಥ್ಲೆಟಿಕ್ ಟ್ರ್ಯಾಕಿನ ಓಟಕ್ಕೆ ಹೋಲಿಸುವುದು ಸರಿಯಲ್ಲ, ಗೌಡರೇ ಪರೀಕ್ಷಾ ಓಟಕ್ಕೆ ಒಪ್ಪಲಿಲ್ಲ. ಅದಕ್ಕೂ ಮೊದಲು 2014ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಕಂಬಳ ನಿಂತಿತ್ತು. 2017ರಲ್ಲಿ ರಾಜ್ಯ ಕಾನೂನು ತಿದ್ದಿತು, 2023ರ ಮೇ 18ರಂದು ಸುಪ್ರೀಂ ಕೋರ್ಟ್ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಆ ವರ್ಷಗಳ ಹೋರಾಟದಲ್ಲಿ ಕಂಬಳ ಬರಿಯ ಕ್ರೀಡೆಯಾಗಿ ಉಳಿಯಲಿಲ್ಲ, ನಾಡಿನ ಗುರುತಾಯಿತು.

ಆಕಾಶದ ಕಡೆಗೆ ತಿರುಗಿದರೆ ಜಿಲ್ಲೆಯಲ್ಲಿ ಮೊದಲು ನೆನಪಾಗುವುದು ಗಾಳಿಪಟ. ಟೀಮ್ ಮಂಗಳೂರು ತಂಡದವರು ಕಥಕ್ಕಳಿಯ ಮುಖವನ್ನೂ ಭೂತದ ಮುಖವನ್ನೂ ಬಟ್ಟೆಯ ತುಂಡುಗಳಿಂದ ಹೊಲಿದು ಹಲವು ದೇಶಗಳ ಉತ್ಸವಗಳಲ್ಲಿ ಹಾರಿಸಿದ್ದಾರೆ. ಪ್ಯಾರಾಚೂಟ್ ಚಿಹ್ನೆಗೆ ಇಲ್ಲಿಯ ಸರಿಯಾದ ಜೊತೆ ಮಾತ್ರ ಇರುವುದು ಅಡಿಕೆ ತೋಟದಲ್ಲಿ ಮತ್ತು ಘಟ್ಟದ ಬುಡದ ಕಾಡಿನಲ್ಲಿ.

ಹಾರುವ ಓತಿ ಬಂಟ್ವಾಳ, ಬೆಳ್ತಂಗಡಿಯ ತೋಟಗಳಲ್ಲಿ ವಾಸಿಸುವ ಜೀವಿ. ಡ್ರ್ಯಾಕೊ ದುಸುಮಿಯೆರಿ ಎಂಬ ವೈಜ್ಞಾನಿಕ ಹೆಸರಿನಲ್ಲಿ ಅದನ್ನು ಫ್ರೆಂಚ್ ವಿಜ್ಞಾನಿಗಳು ವರ್ಣಿಸಿದ್ದು 1837ರಲ್ಲಿ, ಅಂದರೆ ಮಂಗಳೂರಿನಲ್ಲಿ ಆ ಬಾವುಟ ಏರಿದ ವರ್ಷವೇ. ಬಾಲ ಸೇರಿ ಒಂದು ಗೇಣಿನಷ್ಟು ಉದ್ದ, ಅಡಿಕೆ ಮರದ ತೊಗಟೆಯದ್ದೇ ಬೂದು ಕಂದು ಬಣ್ಣ. ಮರಕ್ಕೆ ಅಂಟಿ ಕೂತಿದ್ದರೆ ಎದುರೇ ಇದ್ದರೂ ಕಾಣದು. ಕತ್ತಿನಡಿಯ ಹಳದಿ ಚೀಲವನ್ನು ಗಂಡು ಚಾಚಿದಾಗ ಮಾತ್ರ ಗೊತ್ತಾಗುತ್ತದೆ. ಇರುವೆಗಳನ್ನು ತಿನ್ನುತ್ತ ಮರವೇರಿ, ಮೇಲಿನಿಂದ ಜಿಗಿಯುತ್ತದೆ. ಆಗ ಉದ್ದನೆಯ ಪಕ್ಕೆಲುಬುಗಳು ಕೊಡೆಯ ಕಡ್ಡಿಗಳಂತೆ ಅಗಲಿ, ಎರಡು ಬದಿಯ ಚರ್ಮ ಬಿಚ್ಚಿಕೊಳ್ಳುತ್ತದೆ. ತೇಲಿಕೊಂಡು ಹೋಗಿ ಇನ್ನೊಂದು ಮರದ ಬುಡದ ಹತ್ತಿರ ತಲೆ ಮೇಲಾಗಿ ಇಳಿದು, ಚರ್ಮ ಮಡಿಸಿ, ಮತ್ತೆ ಏರಲು ಶುರುಮಾಡುತ್ತದೆ. ನೆಲಕ್ಕೆ ಬರುವುದು ಬಹುಮಟ್ಟಿಗೆ ಹೆಣ್ಣು, ಮಣ್ಣಿನಲ್ಲಿ ಮೊಟ್ಟೆಯಿಡಲು. ಚಾರ್ಮಾಡಿ ಘಾಟಿಯ ಆಚೆಯ ಮೂಡಿಗೆರೆಯಲ್ಲಿ ಕುಳಿತು ಪೂರ್ಣಚಂದ್ರ ತೇಜಸ್ವಿ 1980ರ ತಮ್ಮ ಕರ್ವಾಲೋ ಕಾದಂಬರಿಯಲ್ಲಿ ಇದರ ಹುಡುಕಾಟವನ್ನೇ ಕಥೆಯಾಗಿಸಿದರು. ಕನ್ನಡದ ಓದುಗರಿಗೆ ಅಂದಿನಿಂದ ಅದು ಬರಿಯ ಓತಿಯಲ್ಲ.

ಜೀವಶಾಸ್ತ್ರದಲ್ಲಿ ತೇಲುವುದಕ್ಕೂ ಪ್ಯಾರಾಚೂಟಿನಂತೆ ಇಳಿಯುವುದಕ್ಕೂ ಒಂದು ಗಡಿಯಿದೆ. ಇಳಿಯುವ ಕೋನ 45 ಡಿಗ್ರಿಗಿಂತ ಕಡಿಮೆಯಾದರೆ ತೇಲು, ಅದಕ್ಕಿಂತ ಕಡಿದಾದರೆ ಪ್ಯಾರಾಚೂಟ್. ಈ ಲೆಕ್ಕದಲ್ಲಿ ಓತಿ ತೇಲುವ ಜಾತಿ. ಪ್ಯಾರಾಚೂಟಿನ ಪಂಗಡಕ್ಕೆ ಹತ್ತಿರವಾಗುವುದು ಪಶ್ಚಿಮ ಘಟ್ಟದ ಹಸಿರು ಹಾರುಗಪ್ಪೆ. ಬೆರಳುಗಳ ನಡುವಿನ ಕೆಂಪು ಪೊರೆಯನ್ನು ಅಗಲಿಸಿ ಅದು ಎತ್ತರದ ಕೊಂಬೆಯಿಂದ ಇಳಿಯುತ್ತದೆ. ಮಳೆಗಾಲದಲ್ಲಿ ನೀರಿನ ಮೇಲೆ ಬಾಗಿದ ಎಲೆಗಳಲ್ಲಿ ನೊರೆಯ ಗೂಡು ಕಟ್ಟುತ್ತದೆ, ಮರಿಗಳು ಅಲ್ಲಿಂದ ನೇರ ನೀರಿಗೆ ಬೀಳುತ್ತವೆ.

ಇಂಥ ಜೀವಿ ಊರಿನ ಅಧಿಕೃತ ಚಿಹ್ನೆಯಾಗಬಹುದೇ ಎಂಬುದು ಕಲ್ಪನೆಯ ಪ್ರಶ್ನೆಯಾಗಿ ಉಳಿದಿಲ್ಲ. ಕರ್ನಾಟಕ 2016ರಲ್ಲಿ ಸಹ್ಯಾದ್ರಿಯ ಸದರ್ನ್ ಬರ್ಡ್‌ವಿಂಗ್ ಚಿಟ್ಟೆಯನ್ನು ರಾಜ್ಯದ ಚಿಟ್ಟೆಯಾಗಿ ಆರಿಸಿತು. ಆ ಚಿಟ್ಟೆಯ ಬಗೆಗೆ ಆಸಕ್ತಿ ಇರುವವರಿಗೆ ಮೂಡುಬಿದಿರೆ ಬಳಿಯ ಬೆಳುವಾಯಿಯ ಚಿಟ್ಟೆ ಪಾರ್ಕ್ ಪರಿಚಿತ ಜಾಗ. ಬಂಟ್ವಾಳ ತಾಲೂಕಿಗೆ ತಾಗಿಕೊಂಡೇ ಇರುವ ಕಾಸರಗೋಡು 2023ರಲ್ಲಿ ಜಿಲ್ಲೆಯ ಮರ, ಹೂವು, ಹಕ್ಕಿ, ಪ್ರಾಣಿಗಳನ್ನು ಘೋಷಿಸಿತು. ಮರವಾಗಿ ಕಾಸರಕ, ಹಕ್ಕಿಯಾಗಿ ಬಿಳಿಹೊಟ್ಟೆಯ ಕಡಲಹದ್ದು, ಪ್ರಾಣಿಯಾಗಿ ಚಂದ್ರಗಿರಿ ಹೊಳೆಯಲ್ಲಿ ಕಾಣಸಿಗುವ ಅಪರೂಪದ ದೊಡ್ಡ ಮೃದುಚಿಪ್ಪಿನ ಆಮೆ. ಹೆಸರು ಘೋಷಿಸುವುದರಿಂದ ಆ ಜೀವಿ ತಾನಾಗಿ ಉಳಿದುಬಿಡುವುದಿಲ್ಲ, ಆದರೆ ಶಾಲೆಯ ಮಕ್ಕಳೂ ಹೊಳೆಯ ಬದಿಯ ಜನರೂ ಅದನ್ನು ತಮ್ಮದೆಂದು ಕಾಣತೊಡಗುತ್ತಾರೆ.

ಇದಕ್ಕೆ ಹೊಸ ಕಾನೂನೇನೂ ಬೇಕಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಗೂ ಪುರಸಭೆಗೂ ಜೀವವೈವಿಧ್ಯ ನಿರ್ವಹಣಾ ಸಮಿತಿಯೊಂದು ಇರಬೇಕು, ಅದು ಊರಿನ ಗಿಡ, ಪ್ರಾಣಿ, ತಳಿಗಳ ಜನತಾ ದಾಖಲಾತಿಯನ್ನು ಬರೆದಿಡಬೇಕು. ಓತಿಯನ್ನು ದಿನವೂ ಕಾಣುವವರು ಅಡಿಕೆ ಮರವೇರುವವರು. ಕೊನೆ ತೆಗೆಯಲು, ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡಲು ಮೇಲೇರಿ, ಮರವನ್ನು ಬಾಗಿಸಿ, ನೆಲಕ್ಕಿಳಿಯದೆ ಮುಂದಿನ ಮರಕ್ಕೆ ದಾಟುವ ಆ ಕಸುಬಿನವರು ಈಗ ಕಡಿಮೆಯಾಗುತ್ತಿದ್ದಾರೆ. ಹಲವು ತೋಟಗಳಲ್ಲಿ ಕಾರ್ಬನ್ ಫೈಬರಿನ ದೋಟಿ ಅವರ ಜಾಗಕ್ಕೆ ಬಂದಿದೆ. ಬಂಟ್ವಾಳ ತಾಲೂಕಿನ ವಿಟ್ಲದಲ್ಲಿ 1956ರಿಂದ ಅಡಿಕೆ ಸಂಶೋಧನಾ ಕೇಂದ್ರವಿದೆ, ಅಡಿಕೆಯ ಮಂಗಳ ತಳಿ ಹೊರಬಂದದ್ದು ಅಲ್ಲಿಂದ. ತೋಟದ ಬೆಳೆಯ ಬಗ್ಗೆ ಇಷ್ಟು ಬರೆದಿಟ್ಟ ತಾಲೂಕು ಅದೇ ತೋಟದಲ್ಲಿ ಮರದಿಂದ ಮರಕ್ಕೆ ತೇಲುವ ಓತಿಯನ್ನೂ ತನ್ನ ದಾಖಲಾತಿಯ ಮೊದಲ ಪುಟಗಳಲ್ಲಿ ಸೇರಿಸಬೇಕು. ಮರವೇರುವವರನ್ನು ಕೇಳಿ, ಅವರು ಹೇಳಿದ ತುಳು ಹೆಸರುಗಳ ಸಮೇತ.